ಗಂಟೆಗೆ ಎಪ್ಪತ್ತೊಂದು ಪೌಂಡ್

"ಆ ಹಾಳೇನ ನನ್ನ ಕಣ್ಣ ಮುಂದಿನಿಂದ ತೆಗೀರಿ ಸಾಹೇಬ್ರೆ. ತಿಂದದ್ದು ಗಂಟಲಲ್ಲಿ ಇಳೀತಿಲ್ಲ."

ಮರ್ವಿನ್ ಪಗ್ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಅರ್ಧ ಕಚ್ಚಿದ ಬೇಕನ್ ಸ್ಯಾಂಡ್‌ವಿಚ್ಚಿನಿಂದ ಕಂದು ಸಾಸ್ ಸೋರಿ ತಟ್ಟೆಯ ಅಂಚಿಗೆ ಬಂದಿತ್ತು. ಡಾಂಕಾಸ್ಟರ್ ನಿಲ್ದಾಣದ ಹಿಂದಿನ ಆ ಚಹಾದಂಗಡಿಯಲ್ಲಿ ಬೆಳಗಿನ ಗಿರಾಕಿಗಳೆಲ್ಲ ಕೆಲಸಕ್ಕೆ ಹೋಗಿಯಾಗಿತ್ತು. ಉಳಿದವರು ಇವರಿಬ್ಬರೇ.

ಹ್ಯಾರಪ್ ಹಾಳೆಯನ್ನು ತೆಗೆಯಲಿಲ್ಲ. ಬೆರಳಿನಿಂದ ಇನ್ನೊಂದು ಅಂಗುಲ ಮುಂದಕ್ಕೆ ಸರಿಸಿದ.

"ಓದು."

"ಓದಿದೀನಿ. ಕ್ಲೈವ್ ಇದೇ ಟೇಬಲ್ ಮೇಲೆ ಇಟ್ಟು ಓದಿಸಿದ್ದ. ನಮ್ಮ ಐದು ಜನಕ್ಕೂ."

ಹನ್ನೆರಡು ದಿನದ ಹಿಂದೆ, ಗುರುವಾರ ಬೆಳಿಗ್ಗೆ, ಸಿಗ್ನಲ್ ಪರೀಕ್ಷಕ ಕ್ಲೈವ್ ಟಾಡ್‌ಹಂಟರ್ ಮಾರ್ಶ್ ಲೇನ್ ಜಂಕ್ಷನ್ನಿನ ಕಬ್ಬಿಣದ ಮೆಟ್ಟಿಲುಗಳ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ಇಬ್ಬನಿ ಹೆಪ್ಪುಗಟ್ಟಿತ್ತು, ಜಾರಿ ಬಿದ್ದ ಎಂದು ಪೊಲೀಸರು ಕಡತ ಮುಚ್ಚಿದರು. ಆದರೆ ವಿಮಾ ಕಂಪನಿ ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. ಅವನು ಕೆಲಸದ ಮೇಲೆ ಸತ್ತನೋ, ಸುಮ್ಮನೆ ಸತ್ತನೋ? ಕೆಲಸದ ಮೇಲಾದರೆ ಹೆಂಡತಿ ನಾರ್ಮಾಳಿಗೆ ಎರಡು ಲಕ್ಷ ಪೌಂಡ್. ಇಲ್ಲದಿದ್ದರೆ ಒಂದು ಸಂತಾಪ ಪತ್ರ. ಇಷ್ಟನ್ನು ಪತ್ತೆಮಾಡಲು ಕಂಪನಿ ಹ್ಯಾರಪ್‌ನನ್ನು ಕಳಿಸಿತ್ತು.

ಹ್ಯಾರಪ್ ಇಪ್ಪತ್ತಾರು ವರ್ಷ ರೈಲ್ವೆ ಪೊಲೀಸಿನಲ್ಲಿದ್ದವನು. ಈಗ ದಿನಗೂಲಿಯ ತನಿಖೆದಾರ. ಅವನಿಗೂ ವಿಮಾ ಕಂಪನಿಗೂ ನಡುವೆ ಒಂದು ಏಜೆನ್ಸಿ ಇತ್ತು, ಕ್ಲೈವ್‌ಗೂ ರೈಲ್ವೆ ಕಾಮಗಾರಿಗೂ ನಡುವೆ ಇದ್ದ ಹಾಗೆಯೇ.

ಟೇಬಲ್ಲಿನ ಮೇಲಿದ್ದದ್ದು ಆರ್ಡನ್‌ಮೂರ್ ಏಜೆನ್ಸಿಯ ಬಿಲ್ಲು. ಕಾಮಗಾರಿ ಕಂಪನಿಗೆ ಹೋಗಬೇಕಾದದ್ದು ಯಾರದೋ ಅಜಾಗರೂಕತೆಯಿಂದ ಕ್ಲೈವ್‌ನ ಮನೆಗೆ ಅಂಚೆಯಲ್ಲಿ ಬಂದಿತ್ತು. ನಿನ್ನೆ ಸಂಜೆ ನಾರ್ಮಾ ಅದನ್ನು ಗಂಡನ ಹಿತ್ತಿಲ ಶೆಡ್ಡಿನಲ್ಲಿ, ಬೀಜದ ಪೊಟ್ಟಣಗಳ ನಡುವೆ ಹುಡುಕಿ ತೆಗೆದು ಹ್ಯಾರಪ್‌ಗೆ ಕೊಟ್ಟಿದ್ದಳು. ಹೆಸರಿನ ಮುಂದೆ ಎರಡು ಸಂಖ್ಯೆ. ಕ್ಲೈವ್ ಟಾಡ್‌ಹಂಟರ್, ಹಿರಿಯ ಪರೀಕ್ಷಕ. ಅವನಿಗೆ ಕೊಡುವುದು ಗಂಟೆಗೆ ಮೂವತ್ತೆಂಟು ಪೌಂಡ್. ಅವನ ಹೆಸರಲ್ಲಿ ವಸೂಲು ಮಾಡುವುದು ಎಪ್ಪತ್ತೊಂದು.

"ನಮ್ಮ ಪಾಲು ನೂರಕ್ಕೆ ಎಂಟು ಮಾತ್ರ ಅಂತ ಏಜೆನ್ಸಿಯ ಆ ಹೆಂಗಸು ಒಂಬತ್ತು ವರ್ಷ ಹೇಳಿದಾಳೆ," ಎಂದ ಪಗ್. "ನಾವು ಬಾಯಿ ಬಿಟ್ಕೊಂಡು ನಂಬಿದೀವಿ. ನೂರಕ್ಕೆ ನಲವತ್ತಾರು ಸಾಹೇಬ್ರೆ! ಕ್ಲೈವ್ ಮೂರು ಪೌಂಡ್ ಜಾಸ್ತಿ ಕೇಳ್ದ. ಕೊಟ್ಲಾ? ಕ್ಲೈವ್, ನಂಗೇನೋ ಕೊಡೋಕೆ ಇಷ್ಟ, ಕಾಮಗಾರಿ ಕಂಪನಿಯವರ ಹತ್ರ ದುಡ್ಡಿಲ್ಲ ಅಂದ್ಲು. ಅದೂ ಸಾಲ್ದು ಅಂತ ಮುಂದಿನ ವಾರ ಎಲ್ಲರಿಗೂ ಪತ್ರ. ಕಂಪನಿಯವರು ದರ ಇಳಿಸಿದಾರೆ, ಇನ್ಮೇಲೆ ಮೂವತ್ತನಾಲ್ಕು, ಸಹಿ ಹಾಕಿ ಅಂತ."

"ಕಂಪನಿಯವರು ಇಳಿಸಿರಲಿಲ್ಲ."

"ಎಲ್ಲಿಂದ ಇಳಿಸ್ತಾರೆ? ಅವರು ಎಪ್ಪತ್ತೊಂದೇ ಕೊಡ್ತಿದ್ರು. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಅದೇ ಕತೆ."

"ಆಮೇಲೆ ಆರು ಜನ ಸೇರಿ ಆಣೆ ಮಾಡಿದ್ರಿ."

ಪಗ್ ಚಹಾದ ಲೋಟ ಎತ್ತಿದ. ಖಾಲಿಯಾಗಿತ್ತು. ಆದರೂ ಕುಡಿಯುವವನ ಹಾಗೆ ಬಾಯಿಗಿಟ್ಟು ಇಳಿಸಿದ.

"ಮಾಡಿದ್ವಿ. ಆರು ಜನದಲ್ಲಿ ಒಬ್ಬನೂ ಸಹಿ ಹಾಕಬಾರದು. ಹಿರಿಯ ಪರೀಕ್ಷಕರು ಇಲ್ಲದೆ ಒಂದು ಸಿಗ್ನಲ್ಲೂ ಪಾಸಾಗಲ್ಲ, ಎರಡೇ ದಿನದಲ್ಲಿ ಅವರೇ ದಾರಿಗೆ ಬರ್ತಾರೆ ಅಂದ ಕ್ಲೈವ್. ಕೈ ಕೈ ಕುಲುಕಿ ಎದ್ವಿ."

"ನೀನು ಯಾವತ್ತು ಸಹಿ ಹಾಕಿದೆ?"

"ಸಾಹೇಬ್ರೆ..."

"ಯಾವತ್ತು ಮರ್ವಿನ್?"

"ಭಾನುವಾರ ಸಂಜೆ." ಪಗ್ ಕಿಟಕಿಯ ಹಬೆಯ ಕಡೆ ತಿರುಗಿದ. "ಅವಳೇ ಫೋನ್ ಮಾಡಿದ್ಲು. ಮರ್ವಿನ್, ಉಳಿದವರೆಲ್ಲ ಹಾಕಿ ಆಯ್ತು, ನೀನೊಬ್ಬನೇ ಬಾಕಿ, ನಿನ್ನ ಜಾಗಕ್ಕೆ ಜನ ಕಾಯ್ತಿದಾರೆ ಅಂದ್ಲು. ಮನೆ ಸಾಲದ ಕಂತಿದೆ, ಮಗಳ ಹಲ್ಲಿಗೆ ತಂತಿ ಹಾಕಿಸ್ತಿದೀನಿ. ಹಾಕ್ದೆ. ಆಮೇಲೆ ಗೊತ್ತಾಯ್ತು, ಐದು ಜನಕ್ಕೂ ಅದೇ ಮಾತು ಹೇಳಿದ್ಲು. ನೀನೊಬ್ಬನೇ ಬಾಕಿ, ನೀನೊಬ್ಬನೇ ಬಾಕಿ. ಸೋಮವಾರ ಬೆಳಿಗ್ಗೆ ನಿಜವಾಗ್ಲೂ ಒಬ್ಬನೇ ಬಾಕಿ ಇದ್ದ. ಕ್ಲೈವ್."

"ಅವನಿಗೆ ಹೇಳಿದ್ಯಾ?"

"ಹೆಂಗೆ ಹೇಳ್ಲಿ? ಯಾವ ಮುಖ ಇಟ್ಕೊಂಡು?"

ಹ್ಯಾರಪ್‌ಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತಾನೂ ಕಳೆದ ವರ್ಷ ದರ ಇಳಿಸಿದಾಗ ಬಾಯಿ ಮುಚ್ಚಿಕೊಂಡು ಸಹಿ ಹಾಕಿದವನೇ. ಆಣೆ ಮಾಡಲು ಜೊತೆಗೆ ಯಾರೂ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

"ಎರಡನೇ ಪುಟ ನೋಡು," ಎಂದ.

ಪಗ್ ಎರಡನೇ ಪುಟವನ್ನು ಎತ್ತಿದ. ಓದುವಷ್ಟು ಹೊತ್ತು ಹಿಡಿಯಲೂ ಇಲ್ಲ, ಮಗುಚಿ ಕೆಳಗಿಟ್ಟ.

"ಫೆಬ್ರವರಿ ಆರು, ಮಂಗಳವಾರ," ಹ್ಯಾರಪ್ ಬಾಯಿಪಾಠ ಒಪ್ಪಿಸಿದ. "ಕ್ಲೈವ್ ಟಾಡ್‌ಹಂಟರ್, ಮಾರ್ಶ್ ಲೇನ್, ಹತ್ತು ಗಂಟೆ. ಅದೇ ದಿನ ಕ್ಲೈವ್ ಟಾಡ್‌ಹಂಟರ್, ಸೆಲ್ಬಿ ಹತ್ತಿರದ ಸೈಟು, ಹತ್ತು ಗಂಟೆ. ಅದೇ ದಿನ ಕ್ಲೈವ್ ಟಾಡ್‌ಹಂಟರ್, ಕಾರ್ ಡೈಕ್, ಹತ್ತು ಗಂಟೆ. ಒಬ್ಬ ಮನುಷ್ಯ, ಒಂದು ದಿನ, ಮೂರು ಕಡೆ, ಮೂವತ್ತು ಗಂಟೆ ಕೆಲಸ."

"ಅಚ್ಚಿನ ತಪ್ಪಿರಬೇಕು."

"ಹದಿನಾಲ್ಕು ದಿನ ಒಂದೇ ತಪ್ಪಾ?"

ಪಗ್ ಜಾಕೆಟ್ ಎತ್ತಿಕೊಂಡು ಎದ್ದ. "ನಂಗದೆಲ್ಲ ಗೊತ್ತಿಲ್ಲ ಸಾಹೇಬ್ರೆ. ಕ್ಲೈವ್ ಹೋದ ಮೇಲೆ ಆ ಏಜೆನ್ಸಿ ಕಡೆ ತಲೆ ಹಾಕಿಲ್ಲ ನಾನು. ಮನೇಲೇ ಕೂತಿದೀನಿ. ನನ್ನ ಬಿಟ್ಬಿಡಿ."

ಬಾಗಿಲವರೆಗೆ ಹೋದವನು ತಿರುಗಿ ಬಂದು ಎರಡೂ ಚಹಾದ ದುಡ್ಡನ್ನು ಟೇಬಲ್ಲಿನ ಮೇಲಿಟ್ಟು ಹೋದ.

*

ಆರ್ಡನ್‌ಮೂರ್ ಏಜೆನ್ಸಿ ಒಂದು ಕಾರ್ಪೆಟ್ ಅಂಗಡಿಯ ಮಹಡಿಯ ಮೇಲಿತ್ತು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಗೋಡೆಯುದ್ದಕ್ಕೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳು.

"ಹೊಸ ಜಾಗ, ಇನ್ನೂ ಹರಡಿಕೊಂಡೇ ಇದೀವಿ. ಕೂತ್ಕೊಳ್ಳಿ ಹ್ಯಾರಪ್ ಅವರೇ."

ರೊವೀನಾ ಸ್ಟಬ್ಸ್‌ಗೆ ನಲವತ್ತೈದರ ಆಸುಪಾಸು. ಮಾತು ಮೆತ್ತಗೆ, ಕಣ್ಣು ತಕ್ಕಡಿ. ಎದುರು ಕೂತವನ ಕೋಟಿನ ಮೊಣಕೈ ಸವೆದಿರುವುದನ್ನು ಅವಳು ಒಂದೇ ನೋಟಕ್ಕೆ ತೂಗಿ ಮುಗಿಸಿದ್ದಳು. ಬಿಸ್ಕತ್ತಿನ ತಟ್ಟೆಯನ್ನು ಮುಂದೆ ಸರಿಸಿದಳು.

"ಪಾಪ, ಕ್ಲೈವ್. ಒಂಬತ್ತು ವರ್ಷ ನಮ್ಮ ಜೊತೆ ಇದ್ರು. ಆದ್ರೆ ಗುರುವಾರ ಅವರು ನಮ್ಮ ಕೆಲಸದ ಮೇಲೆ ಇರ್ಲಿಲ್ಲ. ಬುಧವಾರಾನೇ ಅವರ ಗುತ್ತಿಗೆ ಮುಗಿದಿತ್ತು. ಹೊಸ ದರಕ್ಕೆ ಒಪ್ಪಲಿಲ್ಲ, ನಾವು ಪತ್ರ ಕೊಟ್ವಿ. ಇಗೋ, ಪ್ರತಿ."

ಪತ್ರ ಚೊಕ್ಕವಾಗಿತ್ತು. ಫೆಬ್ರವರಿ ಹದಿನಾಲ್ಕು. ಈ ಕ್ಷಣದಿಂದ ನಿಮ್ಮ ಸೇವೆ ಅಗತ್ಯವಿಲ್ಲ. ಕೆಳಗೆ ರೊವೀನಾಳ ಸಹಿ, ಮೇಲೆ ಏಜೆನ್ಸಿಯ ಹೆಸರು, ವಿಳಾಸ.

"ಅಂಚೆಯಲ್ಲಿ ಕಳಿಸಿದ್ರಾ?"

"ಅಂಚೆಯಲ್ಲೇ. ಈಮೇಲ್ ಅಂದ್ರೆ ಅವರಿಗೆ ಆಗ್ತಿರ್ಲಿಲ್ಲ."

"ಅವರ ಮನೆಗೆ ಬಂದಿಲ್ಲ."

"ಅಂಚೆಯವರನ್ನ ಕೇಳಬೇಕು, ನನ್ನನ್ನಲ್ಲ." ಅವಳು ನಕ್ಕಳು. "ಹ್ಯಾರಪ್ ಅವರೇ, ಮನಸ್ಸು ಬಿಚ್ಚಿ ಮಾತಾಡ್ಲಾ? ನಿಮಗೆ ದಿನಕ್ಕೆ ಇನ್ನೂರ ಇಪ್ಪತ್ತು ಪೌಂಡ್ ಅಲ್ವಾ?"

ಹ್ಯಾರಪ್ ಪತ್ರದಿಂದ ತಲೆ ಎತ್ತಿದ.

"ನಿಮ್ಮ ಏಜೆನ್ಸಿಯ ಒಡೆಯರೂ ನಮ್ಮ ಒಡೆಯರೂ ಒಬ್ಬರೇ. ಗೊತ್ತಿರ್ಲಿಲ್ವಾ? ನಿಮ್ಮ ವಿಮಾ ಕಂಪನಿ ನಿಮಗೋಸ್ಕರ ಎಷ್ಟು ಕೊಡುತ್ತೆ ಅಂತಾದ್ರೂ ಗೊತ್ತಾ? ನಾನೂರ ಹತ್ತು."

ಹ್ಯಾರಪ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೂರು ವರ್ಷ. ಮಳೆ, ಹಿಮ, ಪೆಟ್ರೋಲು ತನ್ನದು, ಊಟ ತನ್ನದು. ಹೋದ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಯಂತ್ರ ಕೆಟ್ಟಾಗ ಅವನೂ ಹೆಂಡತಿಯೂ ಆರು ವಾರ ಕೋಟು ಹಾಕಿಕೊಂಡು ಮಲಗಿದ್ದರು.

"ಅನ್ಯಾಯ ಅಲ್ವಾ?" ಎಂದಳು ರೊವೀನಾ, ನಿಜವಾಗಿಯೂ ಮರುಕಪಡುವವಳ ಹಾಗೆ. "ನಾನು ಒಂದು ಮಾತು ಹೇಳಿದ್ರೆ ಮುನ್ನೂರ ಐವತ್ತಾಗುತ್ತೆ. ಇವತ್ತಿನಿಂದಲೇ. ಕೆಲಸ ಏನೂ ಕಷ್ಟ ಅಲ್ಲ. ಇರೋದನ್ನ ಬರೀರಿ. ಗುತ್ತಿಗೆ ಬುಧವಾರ ಮುಗಿದಿತ್ತು, ಅಷ್ಟೇ."

"ಈ ಆಫೀಸಿಗೆ ಯಾವಾಗ ಬಂದ್ರಿ?"

"ಏನು?"

"ಹೊಸ ಜಾಗ ಅಂದ್ರಲ್ಲ. ಯಾವಾಗ ಬಂದ್ರಿ?"

"ಹೋದ ವಾರ, ಸೋಮವಾರ."

"ಹತ್ತೊಂಬತ್ತು. ಹದಿನಾಲ್ಕರ ಪತ್ರದ ಮೇಲೆ ಈ ಮಹಡಿಯ ವಿಳಾಸ ಇದೆ."

ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಕಾಗದ ಮೊದಲೇ ಅಚ್ಚು ಹಾಕಿಸಿದ್ವಿ. ಎಲ್ಲರೂ ಹಾಗೇ ಮಾಡ್ತಾರೆ."

ಹ್ಯಾರಪ್ ಎದ್ದು ಅವಳ ಕುರ್ಚಿಯ ಹಿಂದಿದ್ದ ಕಂದು ಕಟ್ಟಿನ ಹತ್ತಿರ ಹೋದ. ಅಚ್ಚುಕೂಟದಿಂದ ಬಂದ ಕಟ್ಟು. ಒಂದು ಮೂಲೆ ಹರಿದು ಒಂದಷ್ಟು ಹಾಳೆ ತೆಗೆದಿದ್ದರು. ಒಳಗೆ ಅದೇ ಹೆಸರು, ಅದೇ ವಿಳಾಸ. ಹೊರಗೆ ಅಂಟಿಸಿದ ಚೀಟಿಯ ಮೇಲೆ ತಲುಪಿಸಿದ ದಿನಾಂಕ.

"ಇಪ್ಪತ್ತು," ಎಂದ. "ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ. ಸಹಿ ಮಾಡಿ ಇಸ್ಕೊಂಡವರು ನೀವೇ. ಕ್ಲೈವ್ ಸತ್ತು ಐದು ದಿನ ಆಗಿತ್ತು ತಾಯಿ. ಸತ್ತವನನ್ನ ಕೆಲಸದಿಂದ ತೆಗೆದಿದ್ದೀರಿ."

ಕೆಳಗಿನ ಅಂಗಡಿಯಲ್ಲಿ ಯಾರೋ ಕಾರ್ಪೆಟ್ ಸುರುಳಿಯನ್ನು ನೆಲಕ್ಕೆ ಬೀಳಿಸಿದ ಸದ್ದಾಯಿತು. ರೊವೀನಾ ಮೇಜಿನ ಕೆಳಗಿಂದ ಕೈ ಹೊರತೆಗೆದಳು. ಕೈಯಲ್ಲಿ ಫೋನಿತ್ತು. ಅದನ್ನು ನಿಧಾನವಾಗಿ ಮೇಜಿನ ಮೇಲೆ ಮಗುಚಿಟ್ಟಳು.

"ಮುನ್ನೂರ ಐವತ್ತು ಅಂದೆ. ನೀವು ಕೇಳಿಸಿಕೊಳ್ಳಲಿಲ್ಲ."

"ಕ್ಲೈವ್ ಹೆಸರಲ್ಲಿ ಕಾರ್ ಡೈಕಿನಲ್ಲಿ ಯಾರು ಕೆಲಸ ಮಾಡ್ತಿದಾರೆ?"

ಮೊದಲ ಸಲ ಅವಳು ಕಣ್ಣು ತಪ್ಪಿಸಿದಳು. ಅರೆಕ್ಷಣ, ಅಷ್ಟೇ. ಆಗಲೇ ಹ್ಯಾರಪ್‌ನ ಜೇಬಿನಲ್ಲಿ ಫೋನು ಕೂಗಿತು. ಅವನ ಏಜೆನ್ಸಿಯ ಕ್ಯಾಲಂ. ಯಾವಾಗಲೂ ಹಬ್ಬದ ದಿನದ ದನಿ.

"ಹ್ಯಾರಪ್ ಸಾರ್! ಹೇಗಿದೀರಿ? ಒಂದು ಸಣ್ಣ ಬೇಜಾರಿನ ವಿಷಯ. ಕಂಪನಿಯವರು ಖರ್ಚು ಕಡಿಮೆ ಮಾಡ್ತಿದಾರಂತೆ. ನಿಮ್ಮ ಗುತ್ತಿಗೆ ಇವತ್ತಿಗೆ, ಅಂದ್ರೆ ಈಗಿಂದ್ಲೇ, ಮುಗೀತು. ನಿಮ್ಮ ಕೆಲಸದ ಬಗ್ಗೆ ಅವರಿಗೆ ತುಂಬಾ ಖುಷಿ ಇದೆ ಮತ್ತೆ! ಬೇರೆ ಏನಾದ್ರೂ ಬಂದ್ರೆ ಮೊದಲು ನಿಮಗೇ..."

ಹ್ಯಾರಪ್ ಫೋನು ಕಟ್ ಮಾಡಿದ.

"ಪತ್ರ ಅಂಚೆಯಲ್ಲಿ ಬರುತ್ತೆ," ಎಂದಳು ರೊವೀನಾ. "ಬಿಸ್ಕತ್ತು ತಗೊಳ್ಳಲೇ ಇಲ್ಲ ನೀವು."

*

ಕಾರಿನಲ್ಲಿ ಕೂತು ಹ್ಯಾರಪ್ ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಐವತ್ತೇಳು ವರ್ಷ. ಈ ಗಳಿಗೆಯಲ್ಲಿ ಅವನು ಯಾರ ಕೆಲಸದವನೂ ಅಲ್ಲ. ನೇರ ಮನೆಗೆ ಹೋಗಬಹುದು. ಯಾರೂ ಏನೂ ಅನ್ನುವುದಿಲ್ಲ.

ನಾರ್ಮಾಳಿಗೆ ಹೇಳಿಬಿಡುವುದು ಮರ್ಯಾದೆ ಎನ್ನಿಸಿತು. ಅವಳು ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮಕ್ಕಳ ಊಟ ಮುಗಿಯಲಿ ಎಂದು ಒಂದೂವರೆಯವರೆಗೆ ಕಾದು ಫೋನು ಮಾಡಿದ. ಆ ಕಡೆ ಪಾತ್ರೆಗಳ ಗದ್ದಲ.

"ಹೇಳಿ ಅಣ್ಣಾ," ಎಂದಳು ನಾರ್ಮಾ. "ಏನಾದ್ರೂ ಗೊತ್ತಾಯ್ತಾ?"

"ಅದೇ ಹೇಳೋಣ ಅಂತ..."

"ಇಲ್ಲಿ ಎಲ್ಲರೂ ಏನಂತಿದಾರೆ ಗೊತ್ತಾ? ಕೆಲಸ ಹೋದ ಬೇಜಾರಿಗೆ ಕುಡಿದು ಬಿದ್ದ ಅಂತ. ಕ್ಲೈವ್! ಹನಿ ಮುಟ್ಟದೆ ಹನ್ನೊಂದು ವರ್ಷ ಆಗಿತ್ತು. ದುಡ್ಡು ಬರದಿದ್ರೆ ಹೋಗ್ಲಿ ಅಣ್ಣಾ. ಆ ಮಾತೊಂದು ಅಳಿಸಿಬಿಡಿ. ಗುರುವಾರ ಐದು ಗಂಟೆಗೆ ನಾನೇ ಬುತ್ತಿ ಡಬ್ಬಿ ಕಟ್ಟಿಕೊಟ್ಟೆ. ಕೆಲಸ ಇಲ್ಲದವನು ಬುತ್ತಿ ತಗೊಂಡು ಹೋಗ್ತಾನಾ?"

"ಆ ಡಬ್ಬಿ ಎಲ್ಲಿ ಸಿಕ್ತು?" ಎಂದು ಕೇಳಿದ ಹ್ಯಾರಪ್. ಕೇಳಬೇಕೆಂದು ಅಂದುಕೊಂಡಿರಲಿಲ್ಲ, ಹಳೆಯ ಚಾಳಿ ಬಾಯಿಗೆ ತಂದಿತು.

"ಮೇಲೆ. ಮೊದಲನೇ ಮೆಟ್ಟಿಲ ಪಕ್ಕ, ಗೋಡೆ ಮೇಲೆ. ನೆಟ್ಟಗೆ ಕೂತಿತ್ತಂತೆ. ಮುಚ್ಚಳಾನೂ ತೆಗೆದಿರ್ಲಿಲ್ಲ."

ಜಾರಿ ಬೀಳುವವನ ಕೈಯಲ್ಲಿರುವ ಡಬ್ಬಿ ಅವನ ಜೊತೆಗೇ ಬೀಳುತ್ತದೆ. ಗೋಡೆಯ ಮೇಲೆ ನೆಟ್ಟಗೆ ಕೂರುವುದಿಲ್ಲ. ಕ್ಲೈವ್ ಅದನ್ನು ಕೆಳಗಿಟ್ಟಿದ್ದ. ಮೈ ಕೊರೆಯುವ ಚಳಿಯಲ್ಲಿ, ಕೆಲಸಕ್ಕೆ ಹೊತ್ತಾಗುತ್ತಿರುವಾಗ, ಯಾರನ್ನೋ ಕಂಡು ಡಬ್ಬಿ ಪಕ್ಕಕ್ಕಿಟ್ಟು ನಿಂತಿದ್ದ. ಗುರುತಿಲ್ಲದವರನ್ನು ಕಂಡು ಯಾರೂ ಹಾಗೆ ನಿಲ್ಲುವುದಿಲ್ಲ.

"ಅಣ್ಣಾ? ಏನೋ ಹೇಳೋಕೆ ಬಂದ್ರಿ."

"ಏನಿಲ್ಲಮ್ಮ," ಎಂದ ಹ್ಯಾರಪ್. "ಇನ್ನೂ ಹುಡುಕ್ತಿದೀನಿ ಅಂತ ಹೇಳೋಣ ಅಂದ್ಕೊಂಡೆ."

ಆಮೇಲೆ ಪಗ್‌ಗೆ ಫೋನು ಮಾಡಿದ. ಕಾರ್ ಡೈಕ್ ಸೈಟಿನ ದಾರಿ ಅವನಿಗೆ ಗೊತ್ತಿರಲೇಬೇಕು.

"ಕಾರ್ ಡೈಕಾ?" ಪಗ್‌ನ ದನಿ ಒಂದು ಕ್ಷಣ ಎಲ್ಲಿಗೋ ಹೋಗಿ ಬಂತು. "ಇವತ್ತು ಹೋಗ್ಬೇಡಿ ಸಾಹೇಬ್ರೆ. ಗೇಟ್ ಮುಚ್ಚಿರ್ತಾರೆ. ಒಳಗೂ ಬಿಡಲ್ಲ. ನಾಳಿದ್ದು ನಾನೇ ಕರ್ಕೊಂಡು ಹೋಗ್ತೀನಿ, ನಂಗೆ ಗುರುತಿರೋರಿದಾರೆ."

"ಆಗ್ಲಿ," ಎಂದ ಹ್ಯಾರಪ್. ನಕ್ಷೆ ತೆಗೆದು ಮೂವತ್ತು ಮೈಲಿ ದೂರದ ಹಾದಿ ಹಿಡಿದ.

*

ಕಾರ್ ಡೈಕಿನ ಗೇಟು ಹಾರು ಹೊಡೆದಿತ್ತು.

ಸುತ್ತ ಚಪ್ಪಟೆ ನೆಲ, ನೀರು ನಿಂತ ಕಾಲುವೆ, ನಡುವೆ ಹೊಸ ಹಳಿ. ಕಬ್ಬಿಣದ ಡಬ್ಬದಂಥ ಆಫೀಸಿನೊಳಗೆ ಕಾಮಗಾರಿಯ ಮೇಲ್ವಿಚಾರಕಿ ಶ್ರೀಮತಿ ನ್ವೋಸು ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ನಕ್ಷೆ ಹಿಡಿದು ನಿಂತಿದ್ದಳು. ಎತ್ತರದ ಹೆಂಗಸು, ಸುತ್ತುಬಳಸಿನ ಮಾತಿಲ್ಲ.

"ವಿಮೆಯವರಾ? ಬೇಗ ಹೇಳಿ. ನಾಳೆ ಬೆಳಿಗ್ಗೆ ಈ ಹಳಿ ಮೇಲೆ ಮೊದಲನೇ ಪ್ಯಾಸೆಂಜರ್ ರೈಲು ಬಿಡ್ತಿದೀವಿ. ಉಸಿರಾಡೋಕೂ ಪುರುಸೊತ್ತಿಲ್ಲ ನಂಗೆ."

"ಕ್ಲೈವ್ ಟಾಡ್‌ಹಂಟರ್ ವಿಷಯ."

"ಏನು ಮಾಡ್ದ?"

ಹ್ಯಾರಪ್ ಅವಳನ್ನೇ ನೋಡಿದ. "ಅವನು ಇಲ್ಲಿಗೆ ಕೊನೆಯ ಸಲ ಬಂದದ್ದು ಯಾವಾಗ?"

"ಕೊನೆಯ ಸಲವಾ? ಇಲ್ಲೇ ಇದಾನಲ್ಲ. ಬೆಳಿಗ್ಗೆ ಏಳಕ್ಕೆ ಬಂದ. ಕೊನೇ ಸಿಗ್ನಲ್ ಪರೀಕ್ಷೆ ಮಾಡ್ತಿದಾನೆ. ಕರೀಲಾ?"

ಅವಳು ವೈರ್‌ಲೆಸ್ಸಿನಲ್ಲಿ ಹೆಸರು ಕೂಗಿದಳು. ಆ ಕಡೆಯಿಂದ ಗೊರಗೊರ ದನಿಯೊಂದು ಬರುತ್ತೇನೆ ಎಂದಿತು. ಹ್ಯಾರಪ್ ಕ್ಲೈವ್‌ನ ಶವಪರೀಕ್ಷೆಯ ವರದಿಯನ್ನು ನಾಲ್ಕು ಸಲ ಓದಿದ್ದ.

"ಹದಿನೈದನೇ ತಾರೀಕಿನ ಹಾಜರಿ ಇದೆಯಾ?"

"ಯಂತ್ರದಲ್ಲಿದೆ. ಅವತ್ತಿನಿಂದಾನೇ ಶುರುವಾಗಿದ್ದು. ಮೊದಲು ಬರೀ ಕಾಗದದ ಮೇಲೆ ಸಹಿ. ಈಗ ಎಲ್ಲ ಸೈಟಲ್ಲೂ ಫೋಟೊ ಕಾರ್ಡು, ಗೇಟಲ್ಲಿ ಯಂತ್ರ. ಒಂದು ನಂಬರು ಒಂದು ದಿನಕ್ಕೆ ಒಂದೇ ಗೇಟಲ್ಲಿ ಒಳಗೆ ಹೋಗಬಹುದು. ಅದೇ ನಂಬರು ಬೇರೆ ಗೇಟಲ್ಲಿ ಬಂದ್ರೆ ಕೆಂಪು ದೀಪ, ಗಂಟೆ, ಪೊಲೀಸ್." ಅವಳು ಪರದೆಯನ್ನು ತಿರುಗಿಸಿದಳು. "ಇಗೋ. ಗುರುವಾರ ಹದಿನೈದು. ಟಾಡ್‌ಹಂಟರ್. ಏಳು ಗಂಟೆ ಎರಡು ನಿಮಿಷ."

ಕ್ಲೈವ್ ಸತ್ತದ್ದು ಐದೂವರೆಯಿಂದ ಆರೂವರೆಯೊಳಗೆ. ಹೆಣ ಕಂಡದ್ದು ಎಂಟು ಹತ್ತಕ್ಕೆ. ಏಳಕ್ಕೆ, ಅವನಿನ್ನೂ ಯಾರ ಕಣ್ಣಿಗೂ ಬೀಳದೆ ಹಿಮದಲ್ಲಿ ಮಲಗಿದ್ದಾಗ, ಅವನ ನಂಬರು ಮೂವತ್ತು ಮೈಲಿ ಆಚೆ ಗೇಟು ದಾಟಿತ್ತು.

ಅವತ್ತು ಕ್ಲೈವ್ ಬದುಕಿ ತನ್ನ ಗೇಟಿಗೆ ಹೋಗಿದ್ದರೆ ಎರಡರಲ್ಲೊಂದು ಗೇಟಿನಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಹತ್ತಬಾರದು ಎಂದು ಯಾರೋ ನೋಡಿಕೊಂಡಿದ್ದರು.

ಬಾಗಿಲು ತೆರೆಯಿತು. ಕಿತ್ತಳೆ ಜಾಕೆಟ್ಟಿನ ಮನುಷ್ಯ, ನಲವತ್ತರ ಮೇಲೆ, ದಪ್ಪ ಮೀಸೆ. ಕೊರಳಲ್ಲಿ ಕಾರ್ಡು. ಫೋಟೊ ಅವನದೇ. ಹೆಸರು ಕ್ಲೈವ್ ಟಾಡ್‌ಹಂಟರ್.

"ನಿನ್ನ ಹೆಂಡತಿ ಹೆಸರೇನು ಕ್ಲೈವ್?" ಎಂದು ಕೇಳಿದ ಹ್ಯಾರಪ್.

ಆ ಮನುಷ್ಯ ನ್ವೋಸುವಿನ ಕಡೆ ನೋಡಿದ, ಬಾಗಿಲ ಕಡೆ ನೋಡಿದ.

"ನಾನು ಹೇಳ್ತೀನಿ. ನಾರ್ಮಾ. ಹನ್ನೆರಡು ದಿನದಿಂದ ಆಕೆ ವಿಧವೆ."

ಮನುಷ್ಯ ಕುರ್ಚಿ ಹಿಡಿದುಕೊಂಡ. ಬಿಳಿಚಿಕೊಂಡ ಮುಖದಲ್ಲಿ ಮೀಸೆ ಮಾತ್ರ ಕಪ್ಪಗೆ ಉಳಿಯಿತು.

"ಸತ್ತಿದಾನಾ? ನಂಗೆ ಹೇಳ್ಲಿಲ್ಲ... ದೇವರಾಣೆ ಸಾರ್, ನಂಗೆ ಹೇಳ್ಲಿಲ್ಲ. ನಾನು ವಸೀಲೆ. ರೊಮೇನಿಯಾದವನು. ಹೆಸರು ಬಾಡಿಗೆಗೆ ತಗೊಂಡಿದೀವಿ, ಅವನಿಗೂ ಪಾಲು ಹೋಗುತ್ತೆ ಅಂದಿದ್ರು."

"ಎಷ್ಟು ಕೊಡ್ತಾರೆ ನಿನಗೆ?"

"ಗಂಟೆಗೆ ಹನ್ನೆರಡು."

ಎಪ್ಪತ್ತೊಂದರಲ್ಲಿ ಹನ್ನೆರಡು. ಹ್ಯಾರಪ್‌ಗೆ ನಗು ಬಂದಂತಾಗಿ ಬಾಯಿ ಕಹಿಯಾಯಿತು.

ನ್ವೋಸು ಫ್ಲಾಸ್ಕನ್ನು ಕೆಳಗಿಟ್ಟಳು. "ಮೊದಲು ಏನು ಕೆಲಸ ಮಾಡ್ತಿದ್ದೆ?" ಅವಳ ದನಿ ತೀರ ಮೆಲ್ಲಗಿತ್ತು.

"ಬೇಕರಿ ಅಮ್ಮಾ. ಬ್ರೆಡ್ಡು. ಇಲ್ಲಿ ಏನು ಬರೀಬೇಕು ಅಂತ ಅವರು ಕಾಗದದಲ್ಲಿ ಬರೆದು ಕೊಡ್ತಿದ್ರು. ನಾನು ನೋಡಿ ಬರೀತಿದ್ದೆ."

"ಎಷ್ಟು ಸಿಗ್ನಲ್ಲಿಗೆ ಬರೆದಿದೀಯಾ?"

"ಎಲ್ಲದಕ್ಕೂ."

ನ್ವೋಸು ಗೋಡೆಯ ಮೇಲಿನ ವೇಳಾಪಟ್ಟಿಯತ್ತ ತಿರುಗಿದಳು. ಮೊದಲ ರೈಲು, ಬುಧವಾರ, ಆರು ಗಂಟೆ ಹದಿನೈದು. ಫೋನಿಗೆ ಕೈ ಹಾಕಿದಳು.

"ವಸೀಲೆ," ಎಂದ ಹ್ಯಾರಪ್, "ಈ ಕಾರ್ಡು ಯಾವಾಗ ಕೊಟ್ರು?"

"ಹದಿನೈದಕ್ಕೆ ಮೂರು ದಿನ ಮುಂಚೆ. ಸೋಮವಾರ. ನಾನು ಹೆದರಿಕೊಂಡೆ ಸಾರ್. ನಿಜವಾದ ಕ್ಲೈವ್ ಬಂದ್ರೆ ಏನ್ಮಾಡ್ಲಿ ಅಂದೆ. ಅವನು ಗುರುವಾರದಿಂದ ಎಲ್ಲಿಗೂ ಬರಲ್ಲ, ನೀನು ಧೈರ್ಯವಾಗಿರು ಅಂದ್ರು."

"ಸೋಮವಾರವೇ ಹಾಗಂದ್ರಾ?"

"ಸೋಮವಾರವೇ."

"ಯಾರು? ಆ ಹೆಂಗಸಾ?"

"ಯಾವ ಹೆಂಗಸು? ನಾನು ಹೆಂಗಸನ್ನ ನೋಡೇ ಇಲ್ಲ. ದಿನಾ ನನ್ನನ್ನ ಗಾಡೀಲಿ ಕರ್ಕೊಂಡು ಬರೋರು..." ವಸೀಲೆ ಕಿಟಕಿಯಾಚೆ ನೋಡಿದ. ಅವನ ಬೆರಳು ತಾನಾಗಿ ಮೇಲೆದ್ದಿತು. "ಇವತ್ತು ಬೇಗ ಬಂದಿದಾರೆ. ಅಗೋ."

ಗೇಟಿನೊಳಗೆ ಬಿಳಿ ವ್ಯಾನೊಂದು ಬಂದು ನಿಂತಿತು. ಇಳಿದವನು ಮರ್ವಿನ್ ಪಗ್. ಬೆಳಿಗ್ಗೆ ಹಾಕಿದ್ದ ಅದೇ ಜಾಕೆಟ್. ಮನೆಯಲ್ಲೇ ಕೂತಿದ್ದೇನೆ ಎಂದವನು ಗೇಟಿನ ಕಾವಲುಗಾರನಿಗೆ ದಿನದ ರೂಢಿಯಂತೆ ಕೈಯೆತ್ತಿದ. ಆಮೇಲೆ ಅಲ್ಲಿ ನಿಂತಿದ್ದ ಹ್ಯಾರಪ್‌ನ ಕಾರನ್ನು ನೋಡಿದ. ಓಡಲಿಲ್ಲ, ಬೆಚ್ಚಲೂ ಇಲ್ಲ. ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟುಕೊಂಡ.

ಹ್ಯಾರಪ್‌ನ ಫೋನು ಕೂಗಿತು.

"ನಾಳಿದ್ದು ಬನ್ನಿ ಅಂದಿದ್ದೆ ಸಾಹೇಬ್ರೆ," ಎಂದ ಪಗ್. ಕಿಟಕಿಯ ಗಾಜಿನ ಮೂಲಕ ಇಬ್ಬರ ಕಣ್ಣೂ ಕೂಡಿದವು. ಪಗ್ ಅಳುತ್ತಿದ್ದ. "ಕೇಳ್ಲಿಲ್ಲ ನೀವು. ಆ ಮೇಡಮ್ಮಿಗೆ ಫೋನ್ ಕೆಳಗಿಡೋಕೆ ಹೇಳಿ. ಮೊದಲು ನನ್ನ ಗಾಡಿ ಮುಂದಿನ ಸೀಟು ನೋಡಿ."

ಹ್ಯಾರಪ್ ನೋಡಿದ.

ವ್ಯಾನಿನ ಮುಂದಿನ ಸೀಟಿನಲ್ಲಿ ನಾರ್ಮಾ ಕೂತಿದ್ದಳು. ಶಾಲೆಯ ಅಡುಗೆಯ ಏಪ್ರನ್ ಇನ್ನೂ ಮೈಮೇಲಿತ್ತು. ಕೈ ಕಟ್ಟಿರಲಿಲ್ಲ, ಅವಳ ಕಡೆಯ ಬಾಗಿಲು ಅರ್ಧ ತೆರೆದೇ ಇತ್ತು. ಆದರೂ ಅವಳು ಇಳಿಯಲಿಲ್ಲ, ಯಾರೋ ಎಳೆತಂದವಳ ಹಾಗಲ್ಲ, ತಾನಾಗಿಯೇ ಬಂದವಳ ಹಾಗೆ ಕೂತಿದ್ದಳು. ಹ್ಯಾರಪ್‌ನನ್ನು ನೆಟ್ಟಗೆ ನೋಡಿ, ಆ ಫೋನು ಬೇಡ, ಯಾರಿಗೂ ಹೇಳಬೇಡ ಎನ್ನುವಂತೆ, ನಿಧಾನವಾಗಿ ತಲೆಯಾಡಿಸಿದಳು.